ಹಿಂಸಕನಿಗೆ ದೊರೆತ ನ್ಯಾಯ: ಪೌಲನ ಜೀವನದ ಒಂದು ವಿವೇಚನೆ

ಭಕ್ತರನ್ನು ಪೀಡಿಸಿದವರಿಗೆ ದೈವವು ವಿಧಿಸುವ ದಂಡನೆ ಯಾವುದು ಎಂಬುದು ಧಾರ್ಮಿಕ ಸಾಹಿತ್ಯದ ಹಳೆಯ ಪ್ರಶ್ನೆಗಳಲ್ಲೊಂದು. ಬೈಬಲ್ ಪರಂಪರೆಯಲ್ಲಿ ಇದಕ್ಕೆ ಮೊದಲಿನಿಂದಲೂ ಒಂದು ನೇರವಾದ ಉತ್ತರವಿದೆ. ಇಸ್ರಾಯೇಲರನ್ನು ದಾಸ್ಯದಲ್ಲಿಟ್ಟ ಫರೋಹನ ಸೈನ್ಯ ಸಮುದ್ರದ ಪಾಲಾಗುತ್ತದೆ. ದೇವಾಲಯದ ಅಂಗಳದಲ್ಲಿ ಜೆಕರ್ಯನನ್ನು ಕಲ್ಲೆಸೆದು ಕೊಲ್ಲಿಸಿದ ಅರಸ ಯೋವಾಷನು ಸ್ವಲ್ಪ ಕಾಲದಲ್ಲಿಯೇ ತನ್ನ ಸೇವಕರಿಂದ ಹತನಾಗುತ್ತಾನೆ. ಯೆಹೂದ್ಯರ ಧರ್ಮಾಚರಣೆಯನ್ನು ನಿಷೇಧಿಸಿದ ಸಿರಿಯದ ಅರಸ ನಾಲ್ಕನೆಯ ಅಂತಿಯೋಕನು ಮೈಯಲ್ಲಿ ಹುಳು ಬಿದ್ದು ಸತ್ತನೆಂದು ಮಕ್ಕಬಿಯರ ಎರಡನೆಯ ಗ್ರಂಥ ವರ್ಣಿಸುತ್ತದೆ. ಹಿಂಸಕನ ಅಂತ್ಯವು ಅವನ ಕೃತ್ಯಕ್ಕೆ ತಕ್ಕಂತೆ ಘೋರವಾಗಿರುತ್ತದೆ ಎಂಬ ಕಥನಸೂತ್ರ ಈ ಪ್ರಸಂಗಗಳಲ್ಲೆಲ್ಲ ಸಮಾನವಾಗಿದೆ.

ಆದರೆ ಹೊಸ ಒಡಂಬಡಿಕೆಯಲ್ಲಿ ಅತಿ ವಿಸ್ತಾರವಾಗಿ ಚಿತ್ರಿತನಾಗಿರುವ ಹಿಂಸಕ ಈ ಸೂತ್ರಕ್ಕೆ ಒಳಪಡುವುದಿಲ್ಲ. ತಾರ್ಸದ ಸೌಲನು ನಾಶವಾಗುವ ಬದಲು ಪೌಲನೆಂಬ ಹೆಸರಿನಿಂದ ಪ್ರಸಿದ್ಧನಾದ ಅಪೊಸ್ತಲನಾಗುತ್ತಾನೆ. ಹೊಸ ಒಡಂಬಡಿಕೆಯ ೨೭ ಗ್ರಂಥಗಳ ಪೈಕಿ ೧೩ ಪತ್ರಗಳು ಅವನ ಹೆಸರಿನಲ್ಲಿವೆ. ದೈವನ್ಯಾಯವು ತಡಮಾಡದೆ ಎರಗಿದ್ದರೆ ಈ ಪತ್ರಗಳಾಗಲಿ, ಅವು ರೂಪಿಸಿದ ಧಾರ್ಮಿಕ ಚಿಂತನೆಯಾಗಲಿ ಇರುತ್ತಿರಲಿಲ್ಲ. ಪೌಲನ ಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸಿದಾಗ, ದಂಡನೆ ಮತ್ತು ಕ್ಷಮೆಗಳ ಬಗೆಗಿನ ಕ್ರೈಸ್ತ ಧರ್ಮಗ್ರಂಥದ ನಿಲುವು ಏಕಮುಖವಾದುದಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಈ ಜೀವನದ ಆಕರಗಳು ಎರಡು ಬಗೆಯವು. ಮೊದಲನೆಯದು ಪೌಲನ ಪತ್ರಗಳು. ಇವುಗಳಲ್ಲಿ ರೋಮಾಪುರದವರಿಗೆ, ಕೊರಿಂಥದವರಿಗೆ (ಎರಡು), ಗಲಾತ್ಯದವರಿಗೆ, ಫಿಲಿಪ್ಪಿಯವರಿಗೆ, ಥೆಸಲೊನೀಕದವರಿಗೆ (ಮೊದಲನೆಯದು) ಹಾಗೂ ಫಿಲೆಮೋನನಿಗೆ ಬರೆದ ಏಳು ಪತ್ರಗಳು ಅವನವೇ ಎಂಬುದನ್ನು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಎರಡನೆಯದು ಲೂಕನು ಬರೆದನೆಂದು ಪರಂಪರೆ ಹೇಳುವ ಅಪೊಸ್ತಲರ ಕೃತ್ಯಗಳು. ಇದು ಪೌಲನ ಮರಣಾನಂತರ ರಚಿತವಾದುದೆಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಈ ಎರಡು ಆಕರಗಳು ಎಲ್ಲೆಡೆಯೂ ಹೊಂದಿಕೊಳ್ಳುವುದಿಲ್ಲ. ಆದರೆ ಪೌಲನು ಮೊದಲು ಹಿಂಸಕನಾಗಿದ್ದನೆಂಬ ವಿಷಯದಲ್ಲಿ ಇವುಗಳ ನಡುವೆ ಭಿನ್ನಮತವಿಲ್ಲ.

೧. ಗುರುವಿನ ಎಚ್ಚರಿಕೆ, ಶಿಷ್ಯನ ದಾರಿ

ಪೌಲನ ಜನ್ಮಸ್ಥಳ ಕಿಲಿಕ್ಯ ಪ್ರಾಂತ್ಯದ ತಾರ್ಸ. ಇಂದಿನ ತುರ್ಕಿಯ ದಕ್ಷಿಣ ಭಾಗದಲ್ಲಿರುವ ಈ ಪಟ್ಟಣ ಅಂದು ಗ್ರೀಕ್ ವಿದ್ಯೆಗೆ ಹೆಸರಾಗಿತ್ತು. ಬೆನ್ಯಾಮೀನ ಕುಲದ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದ ಅವನು ಫರಿಸಾಯ ಪಂಥಕ್ಕೆ ಸೇರಿದವನು. ಹುಟ್ಟಿನಿಂದಲೇ ರೋಮಿನ ಪೌರತ್ವವಿತ್ತೆಂದೂ ಗುಡಾರ ಮಾಡುವುದು ಅವನ ಕಸುಬಾಗಿತ್ತೆಂದೂ ಅಪೊಸ್ತಲರ ಕೃತ್ಯಗಳು ತಿಳಿಸುತ್ತವೆ. ಮತಾಂತರವಾದಾಗ ಸೌಲನು ಪೌಲನಾದನೆಂಬ ಜನಪ್ರಿಯ ನಂಬಿಕೆಗೆ ಪಠ್ಯದ ಆಧಾರವಿಲ್ಲ. ಮೊದಲನೆಯದು ಅವನ ಹೀಬ್ರೂ ಹೆಸರು, ಎರಡನೆಯದು ರೋಮನ್ ಹೆಸರು. ಕುಪ್ರ ದ್ವೀಪದ ಪ್ರಸಂಗದಿಂದ ಮುಂದೆ ಗ್ರಂಥಕಾರನು ಎರಡನೆಯದನ್ನು ಬಳಸುತ್ತಾನೆ, ಅಷ್ಟೆ.

ಯೆರೂಸಲೇಮಿನಲ್ಲಿ ಪೌಲನು ಗಮಲಿಯೇಲನೆಂಬ ಪ್ರಸಿದ್ಧ ಧರ್ಮಶಾಸ್ತ್ರಜ್ಞನ ಬಳಿ ಶಿಕ್ಷಣ ಪಡೆದನು. ಅದೇ ಗಮಲಿಯೇಲನು ಹಿರೀಸಭೆಯಲ್ಲಿ ಯೇಸುವಿನ ಶಿಷ್ಯರ ಬಗ್ಗೆ ನೀಡಿದ ಸಲಹೆ ಅಪೊಸ್ತಲರ ಕೃತ್ಯಗಳಲ್ಲಿ ದಾಖಲಾಗಿದೆ. ಈ ಚಳವಳಿ ಮನುಷ್ಯರದಾಗಿದ್ದರೆ ತಾನಾಗಿಯೇ ಅಳಿಯುತ್ತದೆ. ದೇವರದಾಗಿದ್ದರೆ ಅದನ್ನು ಅಳಿಸಲಾಗದು, ಅಳಿಸಹೊರಟವರು ದೇವರ ವಿರುದ್ಧವೇ ಯುದ್ಧಕ್ಕಿಳಿದಂತಾಗುತ್ತದೆ ಎಂಬುದು ಅದರ ಸಾರ. ಗುರು ಕಾದುನೋಡುವ ವಿವೇಕವನ್ನು ಬೋಧಿಸಿದರೆ ಶಿಷ್ಯನು ಬಲಪ್ರಯೋಗದ ದಾರಿ ಹಿಡಿದನು. ಗುರುವಿನ ಎಚ್ಚರಿಕೆಯ ಪ್ರಕಾರ ಸೌಲನು ದೇವರೊಡನೆ ಕಾದಾಡುವವರ ಸಾಲಿಗೆ ಸೇರುತ್ತಾನೆ. ಎಂದರೆ ಫರೋಹ, ಅಂತಿಯೋಕರ ಸಾಲಿಗೆ.

೨. ಸ್ತೆಫನನ ಮರಣ

ಸೌಲನು ಕಥನದೊಳಗೆ ಪ್ರವೇಶಿಸುವುದು ಸ್ತೆಫನನ ಕೊಲೆಯ ಸಂದರ್ಭದಲ್ಲಿ. ಕಲ್ಲೆಸೆಯಲು ಮುಂದಾದ ಸಾಕ್ಷಿಗಳು ತಮ್ಮ ಮೇಲುವಸ್ತ್ರಗಳನ್ನು ಸೌಲನೆಂಬ ಯುವಕನ ಪಾದದ ಬಳಿ ಇಡುತ್ತಾರೆ. ಅವನು ಕಲ್ಲೆಸೆದನೆಂದು ಪಠ್ಯ ಹೇಳುವುದಿಲ್ಲ. ಕೊಲೆಗೆ ಅವನ ಸಮ್ಮತಿಯಿತ್ತೆಂದು ಹೇಳುತ್ತದೆ. ಅನಂತರ ಅವನು ಮನೆಮನೆಗೆ ನುಗ್ಗಿ ಗಂಡಸರನ್ನೂ ಹೆಂಗಸರನ್ನೂ ಎಳೆದೊಯ್ದು ಸೆರೆಗೆ ಹಾಕಿಸುತ್ತಾನೆ. ಸಭಾಮಂದಿರಗಳಲ್ಲಿ ಅವರನ್ನು ಹೊಡೆಸಿದ್ದನ್ನೂ ಅವರ ಮರಣದಂಡನೆಗೆ ಒಪ್ಪಿಗೆ ಕೊಟ್ಟಿದ್ದನ್ನೂ ಮುಂದೆ ಅವನೇ ನ್ಯಾಯಸ್ಥಾನದ ಮುಂದೆ ಹೇಳಿಕೊಂಡಂತೆ ಚಿತ್ರಿಸಲಾಗಿದೆ.

ಜೆಕರ್ಯ ಮತ್ತು ಸ್ತೆಫನ ಇಬ್ಬರೂ ಕಲ್ಲೇಟಿಗೆ ಬಲಿಯಾದವರು. ಆದರೆ ಸಾಯುವಾಗ ಜೆಕರ್ಯನು ದೇವರು ಇದನ್ನು ನೋಡಿ ವಿಚಾರಿಸಲಿ ಎಂದು ಬೇಡಿದರೆ, ಸ್ತೆಫನನು ಈ ಪಾಪವನ್ನು ಕೊಲ್ಲುವವರ ಲೆಕ್ಕಕ್ಕೆ ಸೇರಿಸಬಾರದೆಂದು ಬೇಡುತ್ತಾನೆ. ಜೆಕರ್ಯನ ಬೇಡಿಕೆಯ ಫಲ ಯೋವಾಷನ ಕೊಲೆ. ಸ್ತೆಫನನ ಬೇಡಿಕೆಯ ಫಲವನ್ನು ಗ್ರಂಥಕಾರನು ನೇರವಾಗಿ ಹೇಳುವುದಿಲ್ಲ. ಆದರೆ ಆ ಬೇಡಿಕೆಯ ವ್ಯಾಪ್ತಿಯೊಳಗೆ ವಸ್ತ್ರ ಕಾಯುತ್ತಿದ್ದ ಸೌಲನೂ ಬರುತ್ತಾನೆ ಎಂಬುದನ್ನು ಓದುಗರು ಮರೆಯದಂತೆ ಕಥನವನ್ನು ಜೋಡಿಸಲಾಗಿದೆ.

೩. ದಮಸ್ಕದ ದಾರಿ

ಮಹಾಯಾಜಕನಿಂದ ಪತ್ರಗಳನ್ನು ಪಡೆದು ಸೌಲನು ದಮಸ್ಕಕ್ಕೆ ಹೊರಟಿದ್ದು ಕ್ರಿ.ಶ. ೩೩ರಿಂದ ೩೬ರ ನಡುವೆ ಎಂದು ಸಾಮಾನ್ಯವಾಗಿ ಲೆಕ್ಕಹಾಕಲಾಗುತ್ತದೆ. ಊರು ಹತ್ತಿರವಾದಾಗ ಆಕಾಶದಿಂದ ಬೆಳಕು ಅವನನ್ನು ಸುತ್ತುವರಿಯುತ್ತದೆ. ಅವನು ನೆಲಕ್ಕೆ ಬೀಳುತ್ತಾನೆ, ತನ್ನನ್ನೇಕೆ ಹಿಂಸಿಸುತ್ತಿರುವೆ ಎಂದು ಕೇಳುವ ಯೇಸುವಿನ ಧ್ವನಿ ಅವನಿಗೆ ಕೇಳಿಸುತ್ತದೆ. ಎದ್ದಾಗ ಕಣ್ಣು ಕಾಣುವುದಿಲ್ಲ. ಜೊತೆಗಿದ್ದವರು ಕೈಹಿಡಿದು ಊರೊಳಗೆ ಕರೆದೊಯ್ಯುತ್ತಾರೆ. ಮೂರು ದಿನ ದೃಷ್ಟಿಯಿಲ್ಲ, ಅನ್ನನೀರಿಲ್ಲ. ಆ ಬಳಿಕ ಅನನೀಯನೆಂಬ ಶಿಷ್ಯನು ಬಂದು ಅವನ ಮೇಲೆ ಕೈಯಿಟ್ಟಾಗ ದೃಷ್ಟಿ ಮರಳುತ್ತದೆ.

ಈ ಪ್ರಸಂಗದ ಆರಂಭವು ದಂಡನೆಯ ಕಥೆಗಳ ಆರಂಭದಂತೆಯೇ ಇದೆ. ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ದೇವಾಲಯದ ಭಂಡಾರವನ್ನು ವಶಪಡಿಸಿಕೊಳ್ಳಲು ಬಂದ ಹೆಲಿಯೊದೋರನೆಂಬ ಅಧಿಕಾರಿಯೂ ಹೀಗೆಯೇ ನೆಲಕ್ಕೆ ಬಿದ್ದು ಕತ್ತಲೆ ಕವಿದವನಾಗುತ್ತಾನೆ. ಮಹಾಯಾಜಕ ಓನಿಯನು ಅರ್ಪಿಸಿದ ಬಲಿಯಿಂದ ಬದುಕಿ ಉಳಿದು, ದೇವರ ಶಕ್ತಿಗೆ ಸಾಕ್ಷಿ ನುಡಿಯುತ್ತಾನೆ. ವಿದ್ವಾಂಸರು ಈ ಎರಡು ಪ್ರಸಂಗಗಳ ಹೋಲಿಕೆಯನ್ನು ಚರ್ಚಿಸಿದ್ದಾರೆ. ಹೋಲಿಕೆಯಷ್ಟೇ ವ್ಯತ್ಯಾಸವೂ ಮುಖ್ಯ. ಹೆಲಿಯೊದೋರನು ತನ್ನ ಅರಸನ ಬಳಿಗೆ ಮರಳುತ್ತಾನೆ. ಸೌಲನಾದರೋ ತಾನು ಹಿಡಿಯಲು ಹೊರಟವರಲ್ಲಿಗೇ ಸೇರುತ್ತಾನೆ.

ಇಲ್ಲಿ ಅನನೀಯನ ಪಾತ್ರಕ್ಕೆ ವಿಶೇಷ ಮಹತ್ವವಿದೆ. ಸೌಲನ ಬಳಿಗೆ ಹೋಗಬೇಕೆಂಬ ಆಜ್ಞೆ ಬಂದಾಗ ಅವನು ತಕ್ಷಣ ಒಪ್ಪುವುದಿಲ್ಲ. ಸೌಲನು ಮಾಡಿದ ಕೇಡನ್ನು ದೇವರಿಗೇ ನೆನಪಿಸುತ್ತಾನೆ. ಪೀಡಿತರ ಪರವಾಗಿ ಎತ್ತಿದ ಈ ಆಕ್ಷೇಪ ನ್ಯಾಯವಾದುದೇ. ಅದನ್ನು ಪಠ್ಯ ತಳ್ಳಿಹಾಕುವುದಿಲ್ಲ. ಈ ಮನುಷ್ಯನು ತನ್ನ ಹೆಸರಿಗಾಗಿ ಎಷ್ಟು ಬಾಧೆಪಡಬೇಕಾಗುವುದೆಂಬುದನ್ನು ತಾನೇ ತೋರಿಸುವೆನೆಂದು ದೇವರು ಉತ್ತರಿಸಿದಂತೆ ಹೇಳುತ್ತದೆ. ಆದರೂ ಕೊನೆಗೆ ಅನನೀಯನು ಆ ಹಿಂಸಕನನ್ನು ಸಹೋದರನೆಂದು ಸಂಬೋಧಿಸುತ್ತಾನೆ. ಕ್ಷಮೆಯು ದೈವದ ತೀರ್ಮಾನವಾದರೂ ಅದನ್ನು ಕೈಯಾರೆ ನೆರವೇರಿಸುವ ಭಾರ ಪೀಡಿತ ಸಮುದಾಯದವನ ಮೇಲೆ ಬೀಳುತ್ತದೆ.

ಆ ಸಮುದಾಯ ಪೌಲನನ್ನು ಸುಲಭವಾಗಿ ಒಪ್ಪಲಿಲ್ಲ. ಗಲಾತ್ಯದವರಿಗೆ ಬರೆದ ಪತ್ರದ ಪ್ರಕಾರ ಅವನು ಮೊದಲು ಅರಬಿಸ್ತಾನಕ್ಕೆ ಹೋಗಿ ದಮಸ್ಕಕ್ಕೆ ಮರಳಿದನು. ಮೂರು ವರ್ಷಗಳ ನಂತರ ಯೆರೂಸಲೇಮಿಗೆ ಹೋಗಿ ೧೫ ದಿನ ಪೇತ್ರನೊಡನೆ ಇದ್ದನು. ಅಲ್ಲಿಯ ಶಿಷ್ಯರು ಅವನಿಗೆ ಹೆದರಿ ದೂರವಿದ್ದಾಗ ಬಾರ್ನಬನು ಮಧ್ಯಸ್ಥನಾಗಬೇಕಾಯಿತೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ತಾನು ದೇವರ ಸಭೆಯನ್ನು ಹಿಂಸಿಸಿದವನಾದುದರಿಂದ ಅಪೊಸ್ತಲನೆನಿಸಿಕೊಳ್ಳಲು ಅರ್ಹನಲ್ಲವೆಂಬ ಮಾತನ್ನು ಸುಮಾರು ಎರಡು ದಶಕಗಳ ಬಳಿಕವೂ ಪೌಲನು ಕೊರಿಂಥದವರಿಗೆ ಬರೆಯುತ್ತಾನೆ. ಕ್ಷಮೆ ದೊರೆತ ಮೇಲೂ ಮಾಡಿದ ಕೃತ್ಯದ ನೆನಪು ಅಳಿಯಲಿಲ್ಲ.

೪. ಹೆರೋದ ಅಗ್ರಿಪ್ಪನೂ ಪೌಲನೂ

ಹಿಂಸಕನು ನಾಶವಾಗುತ್ತಾನೆಂಬ ಹಳೆಯ ಸೂತ್ರವನ್ನು ಅಪೊಸ್ತಲರ ಕೃತ್ಯಗಳು ಕೈಬಿಟ್ಟಿಲ್ಲ. ಮಹಾ ಹೆರೋದನ ಮೊಮ್ಮಗನಾದ ಒಂದನೆಯ ಹೆರೋದ ಅಗ್ರಿಪ್ಪನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿ, ಪೇತ್ರನನ್ನು ಸೆರೆಯಲ್ಲಿಡುತ್ತಾನೆ. ಕೈಸರೈಯದಲ್ಲಿ ಜನರು ಅವನ ಭಾಷಣವನ್ನು ದೇವರ ಧ್ವನಿಯೆಂದು ಹೊಗಳಿದಾಗ ದೇವದೂತನು ಅವನನ್ನು ಹೊಡೆಯುತ್ತಾನೆ. ಅವನು ಹುಳುಬಿದ್ದು ಸಾಯುತ್ತಾನೆ. ಯೆಹೂದ್ಯ ಇತಿಹಾಸಕಾರ ಜೋಸೆಫಸನೂ ಕ್ರಿ.ಶ. ೪೪ರಲ್ಲಿ ಸಂಭವಿಸಿದ ಈ ಮರಣವನ್ನು ವಿವರಿಸಿದ್ದಾನೆ. ಬೆಳ್ಳಿಯ ಉಡುಪು, ಜನರ ಹೊಗಳಿಕೆ, ಹಠಾತ್ ಹೊಟ್ಟೆನೋವು, ಐದು ದಿನಗಳ ನರಳಾಟ ಅಲ್ಲಿವೆ, ಹುಳುಗಳಿಲ್ಲ. ಅಂತಿಯೋಕನ ಮರಣವರ್ಣನೆಯ ಛಾಯೆ ಅಪೊಸ್ತಲರ ಕೃತ್ಯಗಳಲ್ಲಿದೆ ಎಂಬ ಅಭಿಪ್ರಾಯಕ್ಕೆ ಈ ವ್ಯತ್ಯಾಸ ಪುಷ್ಟಿ ನೀಡುತ್ತದೆ.

ಈ ಕಥೆಯನ್ನು ಇರಿಸಿರುವ ಸ್ಥಾನ ಗಮನಾರ್ಹ. ಬಾರ್ನಬ ಮತ್ತು ಸೌಲರು ಬರಗಾಲದ ನೆರವು ಹೊತ್ತು ಯೆರೂಸಲೇಮಿನತ್ತ ಹೊರಟ ಉಲ್ಲೇಖ ಅಗ್ರಿಪ್ಪನ ಕಥೆಗೆ ಮೊದಲು ಬರುತ್ತದೆ. ಅವರು ಮರಳಿದ ಉಲ್ಲೇಖ ಅವನ ಮರಣದ ನಂತರ ಬರುತ್ತದೆ. ಹೀಗೆ ನಾಶವಾದ ಹಿಂಸಕನ ಕಥೆಯನ್ನು ಉಳಿದ ಹಿಂಸಕನ ಪ್ರಯಾಣದ ನಡುವೆ ಇಡಲಾಗಿದೆ. ಮುಂದಿನ ಅಧ್ಯಾಯದಲ್ಲಿ ಕುಪ್ರ ದ್ವೀಪದ ಎಲುಮನೆಂಬ ಮಂತ್ರವಾದಿ ಪೌಲನ ಬೋಧನೆಗೆ ಅಡ್ಡಬರುತ್ತಾನೆ. ಪೌಲನ ಮಾತಿನಿಂದ ಅವನಿಗೆ ಕತ್ತಲೆ ಕವಿದು ಕೈಹಿಡಿದು ನಡೆಸುವವರನ್ನು ಹುಡುಕುತ್ತಾನೆ. ಇದು ದಮಸ್ಕದಲ್ಲಿ ಪೌಲನಿಗೇ ಆದ ಸ್ಥಿತಿ. ಎಲುಮನ ಕುರುಡುತನವೂ ಸ್ವಲ್ಪ ಕಾಲದ ಮಟ್ಟಿಗೆ ಎಂದಿರುವುದರಿಂದ ಅಲ್ಲಿಯೂ ಬಾಗಿಲು ಪೂರ್ತಿಯಾಗಿ ಮುಚ್ಚಿಲ್ಲ.

ಅದೇ ಪ್ರಯಾಣದಲ್ಲಿ ಲುಸ್ತ್ರದ ಜನ ಬಾರ್ನಬನನ್ನು ಜ್ಯೂಸ್ ದೇವತೆಯೆಂದೂ ಪೌಲನನ್ನು ಹರ್ಮಿಸ್ ದೇವತೆಯೆಂದೂ ಭಾವಿಸಿ ಬಲಿಯರ್ಪಿಸಲು ಬರುತ್ತಾರೆ. ಅಗ್ರಿಪ್ಪನು ದೇವರೆಂಬ ಹೊಗಳಿಕೆಯನ್ನು ತಡೆಯಲಿಲ್ಲ. ಇವರಿಬ್ಬರು ಬಟ್ಟೆ ಹರಿದುಕೊಂಡು ತಡೆಯುತ್ತಾರೆ. ಬಳಿಕ ಅದೇ ಊರಿನಲ್ಲಿ ಪೌಲನನ್ನು ಕಲ್ಲೆಸೆದು, ಸತ್ತನೆಂದು ತಿಳಿದು ಊರ ಹೊರಗೆ ಎಳೆದುಹಾಕುತ್ತಾರೆ. ಸ್ತೆಫನನನ್ನು ಕೊಂದವರ ವಸ್ತ್ರ ಕಾಯ್ದವನ ಮೇಲೆಯೇ ಈಗ ಕಲ್ಲುಗಳು ಬೀಳುತ್ತವೆ. ಇದನ್ನು ತಡವಾಗಿ ಬಂದ ದಂಡನೆಯೆಂದು ಓದಲು ಅವಕಾಶವಿದ್ದರೂ ಗ್ರಂಥಕಾರನು ಹಾಗೆನ್ನುವುದಿಲ್ಲ. ಫಿಲಿಪ್ಪಿಯ ಪ್ರಸಂಗ ಇನ್ನೂ ಮುಂದಕ್ಕೆ ಹೋಗುತ್ತದೆ. ಛಡಿಯೇಟು ತಿಂದು ಸೆರೆಯಲ್ಲಿದ್ದ ಪೌಲನು, ಭೂಕಂಪದಿಂದ ಬಾಗಿಲುಗಳು ತೆರೆದುಕೊಂಡಾಗ ಓಡಿಹೋಗುವುದಿಲ್ಲ. ಹೆದರಿ ಆತ್ಮಹತ್ಯೆಗೆ ಮುಂದಾದ ಸೆರೆಯ ಯಜಮಾನನನ್ನು ತಡೆಯುತ್ತಾನೆ. ಆ ರಾತ್ರಿ ಅದೇ ಯಜಮಾನನು ಪೌಲನ ಗಾಯಗಳನ್ನು ತೊಳೆಯುತ್ತಾನೆ.

೫. ಪತ್ರಗಳಲ್ಲಿ ದಂಡನೆಯ ವಿಚಾರ

ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನು ತಾನುಂಡ ಕಷ್ಟಗಳನ್ನು ಪಟ್ಟಿಮಾಡಿದ್ದಾನೆ. ಯೆಹೂದ್ಯರಿಂದ ಐದು ಸಲ ನಲವತ್ತಕ್ಕೆ ಒಂದು ಕಡಿಮೆ ಏಟು, ಮೂರು ಸಲ ಛಡಿಯೇಟು, ಒಮ್ಮೆ ಕಲ್ಲೇಟು, ಮೂರು ಸಲ ಹಡಗಿನ ಅಪಘಾತ. ೩೯ ಏಟು ಯೆಹೂದ್ಯ ಸಮುದಾಯದೊಳಗಿನ ಶಿಕ್ಷೆ. ತಾನು ಇತರರಿಗೆ ಕೊಡಿಸಿದ್ದೇ ಅವನಿಗೆ ಐದು ಸಲ ಸಂದಿತು. ಆದರೆ ಪೌಲನು ಇದನ್ನು ಹಿಂದಿನ ಪಾಪದ ಫಲವೆಂದು ಎಲ್ಲಿಯೂ ವ್ಯಾಖ್ಯಾನಿಸುವುದಿಲ್ಲ. ತನ್ನ ಸೇವೆಯ ಗುರುತೆಂದೇ ಹೇಳುತ್ತಾನೆ. ಮಾಡಿದ್ದನ್ನು ಉಣ್ಣಲೇಬೇಕೆಂಬ ಕರ್ಮತತ್ತ್ವಕ್ಕೆ ಹೊಂದಿಕೊಂಡ ಕನ್ನಡದ ಓದುಗರು ಇಲ್ಲಿ ಸಹಜವಾಗಿ ಆ ತತ್ತ್ವವನ್ನು ಕಾಣಬಹುದು. ಪೌಲನ ದೃಷ್ಟಿಯಲ್ಲಿ ಲೆಕ್ಕ ಏಟುಗಳಿಂದ ತೀರಿಲ್ಲ. ಕೃಪೆಯಿಂದ ಮನ್ನಾ ಆಗಿದೆ.

ಇಷ್ಟಾದರೂ ಪೌಲನ ಹೆಸರಿನ ಪತ್ರಗಳಲ್ಲಿ ಹಿಂಸಕರ ಮೇಲೆ ಕೋಪದ ನುಡಿಗಳಿಲ್ಲದಿಲ್ಲ. ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರ, ಭಕ್ತರನ್ನು ಸಂಕಟಪಡಿಸುವವರಿಗೆ ಸಂಕಟವನ್ನೇ ಪ್ರತಿಯಾಗಿ ಕೊಡುವುದು ದೇವರಿಗೆ ನ್ಯಾಯವೆಂದು ಹೇಳಿ, ಬೆಂಕಿಯ ನಡುವೆ ಬರುವ ತೀರ್ಪನ್ನೂ ನಿತ್ಯನಾಶವನ್ನೂ ಮುನ್ಸೂಚಿಸುತ್ತದೆ. ಈ ಪತ್ರ ಪೌಲನದೇ ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಅವನದೇ ಎಂದು ಒಪ್ಪಿತವಾದ ಮೊದಲನೆಯ ಪತ್ರದಲ್ಲಿಯೂ ಯೇಸುವನ್ನು ಕೊಂದ ಹಾಗೂ ಸಭೆಗಳನ್ನು ಹಿಂಸಿಸಿದ ಯೆಹೂದ್ಯರ ಮೇಲೆ ದೈವಕೋಪ ಬಂದೆರಗಿತೆಂಬ ತೀಕ್ಷ್ಣವಾದ ಭಾಗವಿದೆ. ಈ ಭಾಗವನ್ನು ಅನಂತರ ಸೇರಿಸಲಾಗಿದೆಯೆಂದು ಬರ್ಗರ್ ಪಿಯರ್ಸನ್ ೧೯೭೧ರಲ್ಲಿ ವಾದಿಸಿದರು. ಇದು ಪೌಲನದೇ ಎನ್ನುವವರೂ ಅನೇಕರಿದ್ದಾರೆ. ಮುಂದಿನ ಶತಮಾನಗಳಲ್ಲಿ ಯೂರೋಪಿನ ಕ್ರೈಸ್ತರು ಯೆಹೂದ್ಯರನ್ನು ಪೀಡಿಸಿದಾಗ ಇಂಥ ಭಾಗಗಳು ಸಮರ್ಥನೆಗೆ ಒದಗಿದುದರಿಂದ ಈ ಚರ್ಚೆ ಕೇವಲ ಪಠ್ಯಸಂಪಾದನೆಯ ಸಮಸ್ಯೆಯಾಗಿ ಉಳಿಯುವುದಿಲ್ಲ.

ಸುಮಾರು ಕ್ರಿ.ಶ. ೫೭ರಲ್ಲಿ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನ ಚಿಂತನೆ ಪಕ್ವಗೊಂಡ ರೂಪದಲ್ಲಿ ಕಾಣುತ್ತದೆ. ತನ್ನನ್ನು ವಿರೋಧಿಸಿದ ಸ್ವಜನರಿಗಾಗಿ ತಾನೇ ಶಾಪಗ್ರಸ್ತನಾಗಲೂ ಸಿದ್ಧನೆಂದು ಅವನು ಹೇಳುತ್ತಾನೆ. ದೇವರು ಅವರನ್ನು ಕೈಬಿಟ್ಟಿಲ್ಲವೆಂಬುದನ್ನು ಮೂರು ಅಧ್ಯಾಯಗಳಲ್ಲಿ ವಾದಿಸುತ್ತಾನೆ. ಹನ್ನೆರಡನೆಯ ಅಧ್ಯಾಯದಲ್ಲಿ ಹಿಂಸಿಸುವವರಿಗೆ ಶಾಪ ಕೊಡದೆ ಆಶೀರ್ವದಿಸಬೇಕೆಂದೂ ಪ್ರತೀಕಾರವನ್ನು ದೇವರಿಗೆ ಬಿಡಬೇಕೆಂದೂ ಹಸಿದ ವೈರಿಗೆ ಉಣಬಡಿಸಬೇಕೆಂದೂ ಬೋಧಿಸುತ್ತಾನೆ.

ಈ ಸಂದರ್ಭದಲ್ಲಿ ಕನ್ನಡ ಬೈಬಲ್ ಬಳಸಿರುವ ‘ಮುಯ್ಯಿ’ ಎಂಬ ಪದ ವಿಶೇಷ ಗಮನಕ್ಕೆ ಅರ್ಹವಾಗಿದೆ. ಮದುವೆ ಮುಂತಾದ ಶುಭಕಾರ್ಯಗಳಲ್ಲಿ ಬಂಧುಗಳು ಕೊಡುವ, ಮತ್ತೆ ಅವರ ಮನೆಯ ಕಾರ್ಯದಲ್ಲಿ ಹಿಂತಿರುಗಿಸಬೇಕಾದ ಉಡುಗೊರೆಗೂ ಕನ್ನಡದಲ್ಲಿ ಮುಯ್ಯಿ ಎಂದೇ ಹೆಸರು. ಸೇಡಿಗೂ ಅದೇ ಹೆಸರು. ಕೊಟ್ಟದ್ದನ್ನು ಹಿಂದಿರುಗಿಸುವ ಋಣದ ಭಾವ ಎರಡರಲ್ಲಿಯೂ ಇದೆ. ಗ್ರೀಕ್ ಮೂಲದ ಪದವಾದರೋ ‘ದೀಕೆ’, ಅಂದರೆ ನ್ಯಾಯ ಎಂಬ ಪದದಿಂದ ಬಂದಿದೆ. ಕನ್ನಡದ ಪದ ಇಬ್ಬರ ನಡುವಿನ ಲೇವಾದೇವಿಯನ್ನು ಸೂಚಿಸಿದರೆ ಗ್ರೀಕ್ ಪದ ನ್ಯಾಯಸ್ಥಾನವನ್ನು ಸೂಚಿಸುತ್ತದೆ. ಪೌಲನ ಬೋಧನೆಯಲ್ಲಿ ಎರಡೂ ಅರ್ಥಗಳು ಸಲ್ಲುತ್ತವೆ. ಪೀಡಿತನು ಸೇಡಿನ ಮುಯ್ಯಿಯನ್ನು ತಾನೇ ತೀರಿಸಬಾರದು. ಆ ಮೊಕದ್ದಮೆ ದೇವರ ಮುಂದಿದೆ. ಅನ್ಯಾಯ ಇಲ್ಲಿ ಅಲಕ್ಷಿತವಾಗಿಲ್ಲ, ತೀರ್ಪು ಕೊಡುವ ಅಧಿಕಾರ ಮಾತ್ರ ಮನುಷ್ಯನ ಕೈತಪ್ಪಿದೆ. ಆದರೆ ಮರುಅಧ್ಯಾಯದಲ್ಲಿ ಪ್ರಭುತ್ವವು ಕೇಡಿಗರನ್ನು ದಂಡಿಸುವ ದೇವರ ಸೇವಕನೆಂದು ಹೇಳುವಾಗ ಪೌಲನು ಅದೇ ಧಾತುವಿನ ಪದವನ್ನು ಬಳಸುತ್ತಾನೆ. ಈ ಎರಡು ಅಧ್ಯಾಯಗಳ ನಡುವಿನ ಬಿಕ್ಕಟ್ಟು ಕ್ರೈಸ್ತ ರಾಜಕೀಯ ಚಿಂತನೆಯನ್ನು ಬಹುಕಾಲ ಕಾಡಿತು.

೬. ವಿಚಾರಣೆ ಮತ್ತು ಹಾವು

ಯೆರೂಸಲೇಮಿನ ದೇವಾಲಯದಲ್ಲಿ ಗಲಭೆಯಾಗಿ ಪೌಲನು ರೋಮನ್ನರ ಬಂಧನಕ್ಕೊಳಗಾದನು. ಹಿರೀಸಭೆಯ ವಿಚಾರಣೆಯಲ್ಲಿ ಮಹಾಯಾಜಕ ಅನನೀಯನು ಪೌಲನ ಬಾಯ ಮೇಲೆ ಹೊಡೆಯಲು ಆಜ್ಞಾಪಿಸುತ್ತಾನೆ. ದಮಸ್ಕದ ಶಿಷ್ಯನದೂ ಇದೇ ಹೆಸರು. ದೇವರು ನಿನ್ನನ್ನು ಹೊಡೆಯುವನೆಂದು ಪೌಲನು ಸಿಟ್ಟಿನಿಂದ ನುಡಿದು, ಬಳಿಕ ಅಧಿಪತಿಯನ್ನು ದೂಷಿಸಬಾರದೆಂಬ ಶಾಸ್ತ್ರವಿಧಿಯನ್ನು ಸ್ಮರಿಸಿ ಹಿಂದೆ ಸರಿಯುತ್ತಾನೆ. ಈ ಮಹಾಯಾಜಕನು ಕ್ರಿ.ಶ. ೬೬ರಲ್ಲಿ ದಂಗೆಕೋರರಿಂದ ಹತನಾದನೆಂದು ಜೋಸೆಫಸನು ದಾಖಲಿಸಿದ್ದಾನೆ. ಪೌಲನ ಶಾಪ ಫಲಿಸಿತೆಂದು ತೋರಿಸಲು ಅಪೊಸ್ತಲರ ಕೃತ್ಯಗಳಿಗೆ ಇದು ಒಳ್ಳೆಯ ಅವಕಾಶವಾಗಬಹುದಿತ್ತು. ಅಲ್ಲಿ ಇದರ ಪ್ರಸ್ತಾಪವೇ ಇಲ್ಲ.

ಕೈಸರೈಯದಲ್ಲಿ ಪೌಲನು ಎರಡು ವರ್ಷ ಸೆರೆಯಲ್ಲಿದ್ದನು. ನ್ಯಾಯ, ಸಂಯಮ, ಬರಲಿರುವ ತೀರ್ಪುಗಳ ಬಗ್ಗೆ ಅವನು ಮಾತನಾಡಿದಾಗ ದೇಶಾಧಿಪತಿ ಫೇಲಿಕ್ಸನು ಬೆದರಿ ಮಾತು ನಿಲ್ಲಿಸಿದನು. ಮುಂದಿನ ದೇಶಾಧಿಪತಿ ಫೆಸ್ತನ ಕಾಲದಲ್ಲಿ ಎರಡನೆಯ ಅಗ್ರಿಪ್ಪನ ಮುಂದೆ ಪೌಲನು ತನ್ನ ಕಥೆ ಹೇಳಿಕೊಂಡನು. ಹಿಂಸಕನಾಗಿ ಸತ್ತ ತಂದೆಯ ಮಗ, ತಂದೆ ಸತ್ತ ಊರಿನಲ್ಲಿಯೇ, ಬದುಕಿ ಉಳಿದ ಹಿಂಸಕನ ಮಾತನ್ನು ಕೇಳುತ್ತಾನೆ. ಪೌಲನು ದಂಡನೆಗೆ ತಕ್ಕದ್ದೇನನ್ನೂ ಮಾಡಿಲ್ಲವೆಂಬುದು ಅಲ್ಲಿದ್ದ ಅಧಿಕಾರಿಗಳ ಅಭಿಪ್ರಾಯ. ಆದರೆ ಅವನು ಕೈಸರನಿಗೆ ಮೇಲ್ಮನವಿ ಸಲ್ಲಿಸಿದ್ದುದರಿಂದ ರೋಮಿಗೆ ಕಳುಹಿಸಲಾಯಿತು.

ದಾರಿಯಲ್ಲಿ ಹಡಗು ಒಡೆದು ಪ್ರಯಾಣಿಕರು ಮಾಲ್ಟ ದ್ವೀಪವನ್ನು ಸೇರುತ್ತಾರೆ. ಬೆಂಕಿಗೆ ಕಟ್ಟಿಗೆ ಹಾಕುವಾಗ ವಿಷದ ಹಾವೊಂದು ಪೌಲನ ಕೈಗೆ ಜೋತುಬೀಳುತ್ತದೆ. ಇವನು ಕೊಲೆಗಾರನೇ ಇರಬೇಕು, ಸಮುದ್ರದಿಂದ ಪಾರಾದರೂ ನ್ಯಾಯದೇವತೆ ಇವನನ್ನು ಬದುಕಗೊಡಲಿಲ್ಲ ಎಂದು ದ್ವೀಪವಾಸಿಗಳು ಭಾವಿಸುತ್ತಾರೆ. ಇಲ್ಲಿ ಪಠ್ಯ ಬಳಸುವ ಪದವೂ ದೀಕೆ. ಪೌಲನು ಹಾವನ್ನು ಬೆಂಕಿಗೆ ಝಾಡಿಸುತ್ತಾನೆ. ಏನೂ ಆಗದಿದ್ದಾಗ ಅದೇ ಜನ ಅವನನ್ನು ದೇವರೆನ್ನುತ್ತಾರೆ. ಸಾಮಾನ್ಯವಾಗಿ ಇದನ್ನು ಮುಗ್ಧಜನರ ತಪ್ಪು ತಿಳಿವಳಿಕೆಯ ಪ್ರಸಂಗವೆಂದು ಓದಲಾಗುತ್ತದೆ. ಆದರೆ ಸ್ತೆಫನನ ಮರಣವನ್ನು ಬಲ್ಲ ಓದುಗರಿಗೆ ಆ ಊಹೆ ಪೂರ್ತಿ ಸುಳ್ಳಲ್ಲ. ಕೊಲೆಗೆ ಸಮ್ಮತಿಸಿದವನ ಕೈಗೇ ಹಾವು ಸುತ್ತಿದೆ. ಸುಳ್ಳಾದದ್ದು ಅಪರಾಧದ ಊಹೆಯಲ್ಲ, ನ್ಯಾಯವು ಹೇಗೆ ಕೆಲಸ ಮಾಡುತ್ತದೆಂಬ ಅವರ ನಂಬಿಕೆ. ಆಪತ್ತನ್ನು ಕಂಡು ಅಪರಾಧವನ್ನು ನಿರ್ಣಯಿಸುವ ಕ್ರಮವನ್ನು ಈ ಪ್ರಸಂಗ ನಿರಾಕರಿಸುತ್ತದೆ.

೭. ಮರಣ ಮತ್ತು ಅನಂತರದ ಓದು

ರೋಮಿನ ಬಾಡಿಗೆ ಮನೆಯಲ್ಲಿ ಎರಡು ವರ್ಷ ಪೌಲನು ಅಡ್ಡಿಯಿಲ್ಲದೆ ಬೋಧಿಸಿದನೆಂಬಲ್ಲಿಗೆ ಅಪೊಸ್ತಲರ ಕೃತ್ಯಗಳು ಮುಗಿಯುತ್ತವೆ. ಅವನು ನೀರೋ ಚಕ್ರವರ್ತಿಯ ಕಾಲದಲ್ಲಿ ಶಿರಚ್ಛೇದನಕ್ಕೊಳಗಾದನೆಂಬುದು ಪರಂಪರೆಯ ಹೇಳಿಕೆ. ಸಮಾಧಿಯ ಸ್ಥಳವೆಂದು ನಂಬಲಾದೆಡೆ ರೋಮಿನ ಓಸ್ತಿಯಾ ರಸ್ತೆಯಲ್ಲಿ ಅವನ ಹೆಸರಿನ ಮಹಾದೇವಾಲಯವಿದೆ. ನೀರೋ ಕ್ರಿ.ಶ. ೬೮ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಅಗ್ರಿಪ್ಪನ ಮರಣವನ್ನು ವರ್ಣಿಸಿದ ಗ್ರಂಥ ಪೌಲನ ಮರಣವನ್ನಾಗಲಿ ಅವನನ್ನು ಕೊಲ್ಲಿಸಿದವನ ಅಂತ್ಯವನ್ನಾಗಲಿ ಹೇಳುವುದಿಲ್ಲ.

ಈ ಮೌನವನ್ನು ಮುಂದಿನವರು ತುಂಬಿದರು. ಕ್ರಿ.ಶ. ೩೦೩ರಲ್ಲಿ ಆರಂಭವಾದ ದಯೋಕ್ಲೇಶಿಯನ್ ಚಕ್ರವರ್ತಿಯ ದಮನ ಮುಗಿದ ಬಳಿಕ ಲ್ಯಾಕ್ಟಾಂಶಿಯಸನು ಹಿಂಸಕರ ಮರಣಗಳನ್ನೇ ವಿಷಯವಾಗಿಸಿಕೊಂಡು ಗ್ರಂಥ ರಚಿಸಿದನು. ನೀರೋವಿನಿಂದ ಮೊದಲುಗೊಂಡು ಪ್ರತಿಯೊಬ್ಬ ಪೀಡಕ ಚಕ್ರವರ್ತಿಯ ದುರಂತದಲ್ಲಿ ದೇವರ ಕೈಯನ್ನು ತೋರಿಸಿದನು. ಗಲೇರಿಯಸನ ದೇಹದಲ್ಲಿ ಅಂತಿಯೋಕನ ಹುಳುಗಳೇ ಮತ್ತೆ ಕಾಣಿಸಿಕೊಂಡವು. ಇನ್ನೊಂದು ಬೆಳವಣಿಗೆ ಇದಕ್ಕಿಂತ ಗಂಭೀರವಾದುದು. ಐದನೆಯ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ದೊನಾತಿಸ್ಟ್ ಪಂಥದವರ ಮೇಲೆ ಪ್ರಭುತ್ವದ ಬಲಪ್ರಯೋಗವನ್ನು ಸಮರ್ಥಿಸುವಾಗ ಅಗಸ್ಟೀನನು, ಪೌಲನನ್ನೂ ಕ್ರಿಸ್ತನು ನೆಲಕ್ಕೆ ಕೆಡವಿ ಕುರುಡಾಗಿಸಿಯೇ ಸತ್ಯಕ್ಕೆ ತಂದನೆಂಬ ವಾದವನ್ನು ಮುಂದಿಟ್ಟನು. ಹಿಂಸಕನು ಹಿಂಸೆಯನ್ನು ಬಿಟ್ಟ ಕಥೆ ಹೀಗೆ ಹಿಂಸೆಯ ಸಮರ್ಥನೆಗೆ ಬಳಕೆಯಾಯಿತು.

ಪೌಲನ ಜೀವನವನ್ನು ಇಡಿಯಾಗಿ ನೋಡಿದಾಗ ಈ ಎರಡು ಓದುಗಳೂ ಏಕಾಂಗಿಯಾದವೆಂಬುದು ವಿದಿತವಾಗುತ್ತದೆ. ದಂಡನೆಯ ನಿರೀಕ್ಷೆ ಆ ಧರ್ಮಗ್ರಂಥದಲ್ಲಿದೆ. ಪೀಡಿತರ ಕೂಗಿಗೆ ಅಲ್ಲಿ ಮನ್ನಣೆಯಿದೆ. ಆದರೆ ದಂಡನೆಗೆ ಅರ್ಹನೆಂದು ತಾನೇ ಒಪ್ಪಿಕೊಂಡವನೊಬ್ಬ ಉಳಿದು, ಪ್ರತೀಕಾರದ ಅಧಿಕಾರವನ್ನು ಮನುಷ್ಯನ ಕೈಯಿಂದ ತೆಗೆದುಬಿಟ್ಟದ್ದೂ ಅಲ್ಲಿಯೇ ಇದೆ. ಯಾವ ಹಿಂಸಕನು ಅಗ್ರಿಪ್ಪನಂತೆ ಕೊನೆಗೊಳ್ಳುವನು, ಯಾವನು ಪೌಲನಾಗುವನು ಎಂಬುದನ್ನು ಅನನೀಯನು ಮುಂದಾಗಿ ಬಲ್ಲವನಾಗಿರಲಿಲ್ಲ. ಬಲ್ಲೆನೆಂಬ ಹಟ ಹಿಡಿಯದೆ ಅವನು ಹೋಗಿ ಕೈಯಿಟ್ಟದ್ದರಿಂದಲೇ ಪೌಲನ ಮುಂದಿನ ಬದುಕು ಸಾಧ್ಯವಾಯಿತು.